ಕಾಫಿ ಪುಡಿ, ಚಿಕೋರಿ ಮತ್ತು ಮಿಶ್ರಣದ ಲೆಕ್ಕ: ಹೆದರದೆ ಬಿಡಿಸುವ ದಾರಿ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಗೆ ಅರ್ಧ ಕೆಜಿ ಕಾಫಿ ಪುಡಿ ಬಂತು. ಅಂಗಡಿಯಲ್ಲಿ ಕೇಳಿದ್ದು 80-20. ಅಂದರೆ ನೂರು ಗ್ರಾಂ ಪುಡಿಯಲ್ಲಿ 80 ಗ್ರಾಂ ಕಾಫಿ, 20 ಗ್ರಾಂ ಚಿಕೋರಿ. ಬೆಳಿಗ್ಗೆ ಅತ್ತೆ ಡಿಕಾಕ್ಷನ್ ಇಳಿಸಿ, ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದು 60-40 ಕಣಮ್ಮಾ. ಬಣ್ಣ ನೋಡು, ಮಸಿ ಥರ ಇದೆ. ಘಮ ಎಲ್ಲಿದೆ?" ಅಂದರು. ಪೊಟ್ಟಣ ತಿರುಗಿಸಿ ನೋಡಿದೆ. ಅತ್ತೆ ಹೇಳಿದ್ದೇ ಸರಿ. ಕಾಫಿ ಶೇ 60, ಚಿಕೋರಿ ಶೇ 40 ಅಂತ ಅಚ್ಚು ಹಾಕಿತ್ತು.

ಎಸೆಯೋದಕ್ಕೆ ಮನಸ್ಸು ಬರಲಿಲ್ಲ. ಚಿಕೋರಿ ಸೇರಿಸದ ಬರೀ ಕಾಫಿ ಪುಡಿ ಸ್ವಲ್ಪ ತಂದು ಬೆರೆಸಿದರೆ 80-20 ಆಗುತ್ತದೆ ಅಲ್ವಾ? ಎಷ್ಟು ತರಬೇಕು ಅನ್ನೋದೇ ಪ್ರಶ್ನೆ. ನಾನು ಗಣಿತ ಹೇಳಿಕೊಡುವವಳು. ಸಂಜೆ ಆಲ್ದೂರಿನ ಕಡೆಯಿಂದ ಬಸ್ಸಿನಲ್ಲಿ ಟ್ಯೂಷನ್‌ಗೆ ಬರುವ ಹತ್ತನೇ ಕ್ಲಾಸಿನ ಹುಡುಗಿಗೆ ಇದೇ ಲೆಕ್ಕ ಕೊಟ್ಟೆ. ಅತ್ತೆ ಬಳಸಿದ ಎರಡು ಚಮಚ ಬಿಟ್ಟುಬಿಡು, 500 ಗ್ರಾಂ ಅಂತಲೇ ಇಟ್ಟುಕೋ ಅಂದೆ.

ಅವಳು ಪೆನ್ನು ಮುಟ್ಟಲಿಲ್ಲ. "ಸುಲಭ ಮಿಸ್. 60 ಇದೆ, 80 ಬೇಕು. 20 ಪರ್ಸೆಂಟ್ ಕಮ್ಮಿ. 500ರಲ್ಲಿ 20 ಪರ್ಸೆಂಟ್ ಅಂದರೆ 100 ಗ್ರಾಂ. 100 ಗ್ರಾಂ ತನ್ನಿ."

ತಪ್ಪು ಅಂತ ನಾನು ಹೇಳಲಿಲ್ಲ. ತಾಳೆ ನೋಡು ಅಂದೆ. 500 ಗ್ರಾಂನಲ್ಲಿ ಕಾಫಿ ಇದ್ದದ್ದು 300 ಗ್ರಾಂ. ಅದಕ್ಕೆ 100 ಸೇರಿಸಿದರೆ 400. ಒಟ್ಟು ಪುಡಿ ಈಗ 600. 600ರಲ್ಲಿ 400 ಅಂದರೆ ಶೇ 66.67. ಎಂಬತ್ತರ ಹತ್ತಿರವೂ ಇಲ್ಲ. ಅವಳು ಆ ಸಂಖ್ಯೆಯನ್ನೇ ನೋಡುತ್ತಾ ಕೂತಳು.

ಈ ಒಂದು ತಪ್ಪನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ಬುದ್ಧಿವಂತ ಮಕ್ಕಳೇ ಜಾಸ್ತಿ ಮಾಡುತ್ತಾರೆ. ಸಮೀಕರಣ ಬಿಡಿಸೋದು ಇವರಿಗೆಲ್ಲ ಚೆನ್ನಾಗಿ ಬರುತ್ತದೆ. ಸಮೀಕರಣ ಹುಟ್ಟುವ ಮೊದಲೇ ಎಡವುತ್ತಾರೆ. ಈ ಲೇಖನ ಪೂರ್ತಿ ಆ ಜಾಗದ ಬಗ್ಗೆಯೇ.

ಶೇಕಡಾ ಕೂಡುವುದಿಲ್ಲ, ಗ್ರಾಂ ಕೂಡುತ್ತದೆ

ಇದೊಂದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. 300 ಗ್ರಾಂ ಕಾಫಿಗೆ 100 ಗ್ರಾಂ ಕಾಫಿ ಸೇರಿದರೆ 400 ಗ್ರಾಂ ಕಾಫಿ. ಇದರಲ್ಲಿ ಅನುಮಾನ ಇಲ್ಲ. ಆದರೆ ಶೇ 60ಕ್ಕೆ ಶೇ 20 ಸೇರಿಸಿ ಶೇ 80 ಅನ್ನೋಕೆ ಆಗಲ್ಲ. ಶೇಕಡಾ ಅಂದರೆ ಯಾವುದೋ ಒಟ್ಟಿನಲ್ಲಿ ಒಂದು ಪಾಲು. ನೀವು ಪುಡಿ ಸುರಿದ ಕೂಡಲೇ ಆ ಒಟ್ಟೇ ಬೆಳೆಯುತ್ತದೆ. ಪಾಲು ಅಳೆಯುವ ಕೋಲೇ ಉದ್ದ ಆಗಿಹೋಗುತ್ತದೆ.

ನನ್ನ ತವರು ಹಾಸನದ ಹತ್ತಿರ ಒಂದು ಹಳ್ಳಿ. ಅಪ್ಪ ಎಮ್ಮೆ ಹಾಲು, ಹಸು ಹಾಲು ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಡೇರಿಗೆ ಒಯ್ಯುತ್ತಿದ್ದರು. 6 ಕೆಜಿ ಹಸು ಹಾಲು, ಫ್ಯಾಟ್ ಶೇ 3.5. 4 ಕೆಜಿ ಎಮ್ಮೆ ಹಾಲು, ಫ್ಯಾಟ್ ಶೇ 7 ಅಂತ ಇಟ್ಟುಕೊಳ್ಳಿ. ಬೆರೆಸಿದ ಹಾಲಿನ ಫ್ಯಾಟ್ ಎಷ್ಟು? 3.5 ಮತ್ತು 7 ಕೂಡಿ ಎರಡರಿಂದ ಭಾಗಿಸಿದರೆ 5.25 ಬರುತ್ತದೆ. ಅದು ತಪ್ಪು. ಹಸು ಹಾಲು ಜಾಸ್ತಿ ಇದೆ, ಅದರ ಮಾತು ಜಾಸ್ತಿ ನಡೆಯಬೇಕು. ಕೊಬ್ಬನ್ನು ಗ್ರಾಂನಲ್ಲಿ ಎಣಿಸಿ. 6 ಕೆಜಿಯ ಶೇ 3.5 ಅಂದರೆ 210 ಗ್ರಾಂ. 4 ಕೆಜಿಯ ಶೇ 7 ಅಂದರೆ 280 ಗ್ರಾಂ. ಒಟ್ಟು 490 ಗ್ರಾಂ ಕೊಬ್ಬು, 10 ಕೆಜಿ ಹಾಲಿನಲ್ಲಿ. ಅಂದರೆ ಶೇ 4.9.

ಇಲ್ಲಿ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಹಾಗಾಗಿ ಸಮೀಕರಣವೂ ಬೇಕಾಗಲಿಲ್ಲ. ಮಿಶ್ರಣದ ಎಲ್ಲ ಲೆಕ್ಕದ ಹೊಟ್ಟೆಯಲ್ಲಿ ಇರುವುದು ಇಷ್ಟೇ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯ ಬೇರೆ ಬೇರೆ ಗುಣದ ಚಿನ್ನ ಕರಗಿಸಿ ಬೆರೆಸುವ ಲೆಕ್ಕಗಳನ್ನು ಕೊಟ್ಟಿದ್ದಾನೆ. ಆಗ ಚಿನ್ನದ ಗುಣವನ್ನು ವರ್ಣದಲ್ಲಿ ಹೇಳುತ್ತಿದ್ದರು. ಅಪ್ಪಟ ಚಿನ್ನಕ್ಕೆ 16 ವರ್ಣ. 16 ವರ್ಣದ 5 ತೂಕ, 8 ವರ್ಣದ 3 ತೂಕ ಒಟ್ಟಿಗೆ ಕರಗಿಸಿದರೆ? 5 × 16 ಅಂದರೆ 80, 3 × 8 ಅಂದರೆ 24. ಒಟ್ಟು 104. ತೂಕ 8. ಭಾಗಿಸಿದರೆ 13 ವರ್ಣ. ಅಪ್ಪನ ಹಾಲಿನ ಕ್ಯಾನಿನಲ್ಲಿ ನಡೆದದ್ದೂ ಇದೇ ಲೆಕ್ಕ.

ಈಗ ಹೆಜ್ಜೆ ಹೆಜ್ಜೆಯಾಗಿ

ಕಾಫಿ ಪುಡಿಗೇ ವಾಪಸ್ ಬರೋಣ.

ಹೆಜ್ಜೆ 1. ಲೆಕ್ಕವನ್ನು ಎರಡು ಸಲ ಓದಿ. ಎರಡನೇ ಸಲ ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ಯಾವ ವಸ್ತುವಿನ ಹಿಂದೆ ಹೋಗಬೇಕು? ಕಾಫಿಯೋ, ಚಿಕೋರಿಯೋ? ಹಾಲಿನ ಲೆಕ್ಕದಲ್ಲಿ ಕೊಬ್ಬೋ, ನೀರೋ? ಒಂದನ್ನು ಆರಿಸಿ, ಪುಟದ ಮೇಲೆ ಅದರ ಹೆಸರು ಬರೆಯಿರಿ. ಕೊನೆಯವರೆಗೂ ಅದನ್ನು ಬಿಡಬೇಡಿ. ಅರ್ಧ ದಾರಿಯಲ್ಲಿ ಕಾಫಿ ಬಿಟ್ಟು ಚಿಕೋರಿ ಹಿಡಿದವರ ಉತ್ತರ ಸರಿ ಬಂದದ್ದು ನಾನು ನೋಡಿಲ್ಲ.

ಹೆಜ್ಜೆ 2. ಮೂರು ಡಬ್ಬಿ ಬರೆಯಿರಿ. ಹಳೆಯದು, ಸೇರಿಸಿದ್ದು, ಹೊಸದು. ನಿಜವಾಗಲೂ ಚಿತ್ರ ಬರೆಯಿರಿ, ನಾಚಿಕೆ ಬೇಡ. ಒಂದೊಂದು ಡಬ್ಬಿಯಲ್ಲಿ ಎರಡು ಸಾಲು: ಒಟ್ಟು ಎಷ್ಟು, ಅದರಲ್ಲಿ ನೀವು ಹಿಡಿದ ವಸ್ತು ಎಷ್ಟು.

ಹೆಜ್ಜೆ 3. ಗೊತ್ತಿಲ್ಲದ್ದಕ್ಕೆ ಹೆಸರಿಡಿ. ಪುಸ್ತಕದಲ್ಲಿ ಎಕ್ಸ್ ಅಂತ ಇರುತ್ತದೆ. ನಾನು ಕಾಫಿಗೆ 'ಕ' ಅಂತ ಬರೆಸುತ್ತೇನೆ. ಹೀಗೆ ಬರೆಯೋದು ಹೊಸದೇನಲ್ಲ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಮೊದಲ ಸಂಖ್ಯೆಗೆ 'ಯಾ', ಎರಡನೆಯದಕ್ಕೆ 'ಕಾ', ಮೂರನೆಯದಕ್ಕೆ 'ನೀ' ಅಂತ ಬರೆಯುತ್ತಿದ್ದರು. ಯಾವತ್ತಾವತ್, ಕಾಲಕ, ನೀಲಕ ಅನ್ನೋ ಮಾತುಗಳ ಮೊದಲ ಅಕ್ಷರ ಅವು. ಅಕ್ಷರ ಯಾವುದಾದರೂ ಇರಲಿ, ಅದರ ಪಕ್ಕದಲ್ಲಿ ಅಳತೆ ಬರೆಯಿರಿ: ಕ = ಸೇರಿಸಬೇಕಾದ ಕಾಫಿ ಪುಡಿ, ಗ್ರಾಂನಲ್ಲಿ. ಈ ಸಾಲು ಬರೆಯದ ಮಕ್ಕಳಿಗೆ ಕೊನೆಯಲ್ಲಿ ಸಿಕ್ಕ ಸಂಖ್ಯೆ ಯಾವುದರದ್ದು ಅಂತಲೇ ತಿಳಿಯೋದಿಲ್ಲ.

ಡಬ್ಬಿಗಳು ಹೀಗೆ ತುಂಬುತ್ತವೆ:

ಹಳೆಯದು: ಒಟ್ಟು 500, ಕಾಫಿ 300
ಸೇರಿಸಿದ್ದು: ಒಟ್ಟು ಕ, ಕಾಫಿ ಕ
ಹೊಸದು: ಒಟ್ಟು 500 + ಕ, ಕಾಫಿ 0.8 × (500 + ಕ)

ಎರಡನೇ ಡಬ್ಬಿ ನೋಡಿ. ಸೇರಿಸುವುದು ಬರೀ ಕಾಫಿ. ಹಾಗಾಗಿ ಒಟ್ಟೂ ಕ, ಕಾಫಿಯೂ ಕ. ಮೂರನೇ ಡಬ್ಬಿಯಲ್ಲಿ ಜಾಸ್ತಿ ಹುಷಾರಾಗಿರಿ. ಶೇ 80 ಅನ್ನೋದು ಹೊಸ ಒಟ್ಟಿನ ಮೇಲೆ, ಅಂದರೆ 500 + ಕ ಮೇಲೆ. ನನ್ನ ಹುಡುಗಿ ಎಡವಿದ್ದು ಇಲ್ಲೇ. ಅವಳು ಹಳೆಯ 500ರ ಮೇಲೆಯೇ ಶೇಕಡಾ ಹಾಕಿದ್ದಳು.

ಹೆಜ್ಜೆ 4. ಹಿಡಿದ ವಸ್ತುವಿನ ಸಾಲನ್ನು ಮಾತಿನಲ್ಲಿ ಹೇಳಿ. "ಹಳೆಯ ಕಾಫಿ, ಸೇರಿಸಿದ ಕಾಫಿ, ಎರಡೂ ಸೇರಿ ಹೊಸ ಕಾಫಿ." ಈ ವಾಕ್ಯ ಬಾಯಲ್ಲಿ ಬಂದರೆ ಸಮೀಕರಣ ತಾನಾಗಿ ಬರುತ್ತದೆ.

300 + ಕ = 0.8 × (500 + ಕ)
300 + ಕ = 400 + 0.8ಕ
0.2ಕ = 100
ಕ = 500

ಹೆಜ್ಜೆ 5. ತಾಳೆ ನೋಡಿ. ಕಾಫಿ 300 + 500 = 800. ಒಟ್ಟು 1000. ಶೇ 80. ಸರಿ. ತಾಳೆ ನೋಡೋಕೆ ಅರ್ಧ ನಿಮಿಷವೂ ಬೇಡ. ಪರೀಕ್ಷೆಯಲ್ಲಿ ಇದನ್ನು ಬಿಟ್ಟು ಮುಂದೆ ಓಡಬೇಡಿ.

ಅರ್ಧ ಕೆಜಿ ಪುಡಿಯನ್ನು ಸರಿ ಮಾಡೋಕೆ ಇನ್ನೊಂದು ಅರ್ಧ ಕೆಜಿ ಕಾಫಿ ಬೇಕು! ಹುಡುಗಿಗೆ ನಂಬಿಕೆ ಬರಲಿಲ್ಲ. ನನಗೂ ಮೊದಲ ಸಲ ಹೀಗೇ ಆಗಿತ್ತು. ಮಾರನೇ ದಿನ ಎಂ.ಜಿ. ರಸ್ತೆಗೆ ಹೋಗಿ ಚಿಕೋರಿ ಇಲ್ಲದ ಅರ್ಧ ಕೆಜಿ ಪುಡಿ ತಂದೆ. ದೊಡ್ಡ ಸ್ಟೀಲ್ ಡಬ್ಬಿಗೆ ಎರಡನ್ನೂ ಸುರಿದು, ಎರಡು ಸಲ ಜರಡಿ ಹಿಡಿದು ಬೆರೆಸಿದೆ. ಈ ಬೆರೆಸುವ ಕೆಲಸವನ್ನು ಸರಿಯಾಗಿ ಮಾಡಬೇಕು. ಚಿಕೋರಿ ತೇವ ಎಳೆದು ಗಂಟು ಕಟ್ಟುತ್ತದೆ. ಗಂಟು ಉಳಿದರೆ ಒಂದು ಚಮಚದಲ್ಲಿ ಒಂದು ಪ್ರಮಾಣ, ಇನ್ನೊಂದರಲ್ಲಿ ಇನ್ನೊಂದು. ಡಬ್ಬಿಯ ಎಲ್ಲ ಮೂಲೆಯಲ್ಲೂ ಒಂದೇ ಸಮ ಬೆರೆತಿದೆ ಅಂತ ನಂಬಿಯೇ ಪುಸ್ತಕದ ಲೆಕ್ಕ ಶುರುವಾಗುತ್ತದೆ.

ಕದಲದ್ದನ್ನು ಹಿಡಿಯಿರಿ

ಈಗ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ನಾವು ಸೇರಿಸಿದ್ದು ಬರೀ ಕಾಫಿ. ಚಿಕೋರಿಯನ್ನು ಯಾರೂ ಮುಟ್ಟಲಿಲ್ಲ. ಮೊದಲು 200 ಗ್ರಾಂ ಇತ್ತು, ಈಗಲೂ 200 ಗ್ರಾಂ ಇದೆ. ಹೊಸ ಡಬ್ಬಿಯಲ್ಲಿ ಅದು ಶೇ 20 ಆಗಬೇಕು. ಯಾವುದರ ಶೇ 20 ಅಂದರೆ 200? 1000. ಇದ್ದದ್ದು 500. ಹಾಗಾದರೆ ಸೇರಬೇಕಾದ್ದು 500. ಮುಗಿಯಿತು.

ಇದನ್ನು ತೋರಿಸಿದಾಗ ಹುಡುಗಿ "ಮಿಸ್, ಮೊದಲೇ ಇದನ್ನ ಹೇಳಬಾರದಿತ್ತಾ?" ಅಂದಳು. ಹೇಳಬಾರದು ಅನ್ನೋದು ನನ್ನ ಅಭಿಪ್ರಾಯ. ಡಬ್ಬಿ ಬರೆಯದೆ ಇದನ್ನೇ ಕಲಿತವರು ಎರಡೂ ವಸ್ತು ಬದಲಾಗುವ ಲೆಕ್ಕ ಬಂದಾಗ ಕೈಕಟ್ಟಿ ಕೂರುತ್ತಾರೆ. ಡಬ್ಬಿ ರೂಢಿಯಾದ ಮೇಲೆ ಈ ದಾರಿ ಹಿಡಿಯಿರಿ. ಒಂದೇ ವಸ್ತು ಸೇರಿದರೆ ಅಥವಾ ಒಂದೇ ವಸ್ತು ಹೊರಗೆ ಹೋದರೆ, ಇನ್ನೊಂದು ಕದಲುವುದಿಲ್ಲ. ಆ ಕದಲದ್ದನ್ನು ಹಿಡಿಯಿರಿ.

ನೀರಿನ ಲೆಕ್ಕದಲ್ಲಿ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. 20 ಕೆಜಿ ಹಾಲು, ಫ್ಯಾಟ್ ಶೇ 4.2. ಯಾರೋ ನೀರು ಸೇರಿಸಿದರು. ಫ್ಯಾಟ್ ಶೇ 3.5ಕ್ಕೆ ಇಳಿಯಿತು. ನೀರು ಎಷ್ಟು? ನೀರಿನಲ್ಲಿ ಕೊಬ್ಬಿಲ್ಲ. ಕೊಬ್ಬು ಮೊದಲೂ 840 ಗ್ರಾಂ, ಈಗಲೂ 840 ಗ್ರಾಂ. ಈಗ ಅದು ಶೇ 3.5. 840 ÷ 0.035 = 24,000 ಗ್ರಾಂ, ಅಂದರೆ 24 ಕೆಜಿ. ಸೇರಿದ ನೀರು 4 ಕೆಜಿ.

ಈಗ ನೀರು ಹೊರಗೆ ಹೋಗುವ ಲೆಕ್ಕ. ಇದು ನನಗೆ ಬಹಳ ಇಷ್ಟ. ನಮ್ಮ ತೋಟಗಳಲ್ಲಿ ಪ್ರತಿ ವರ್ಷ ಕಣದ ಮೇಲೆ ನಡೆಯುವುದೇ ಇದು. ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದ ಕಾಫಿಯನ್ನು ಕಣದಲ್ಲಿ ಹರಡಿ ಒಣಗಿಸುತ್ತಾರೆ. ತೆಳು ಹೊಟ್ಟಿನೊಳಗೇ ಇರುವ ಈ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುತ್ತಾರೆ. ಪಾರ್ಚ್‌ಮೆಂಟ್ ಸುಮಾರು ಶೇ 10 ತೇವಕ್ಕೆ ಬರುವವರೆಗೆ ಒಣಗಬೇಕು. ಲೆಕ್ಕಕ್ಕೆ 180 ಕೆಜಿ ಹಸಿ ಪಾರ್ಚ್‌ಮೆಂಟ್, ತೇವ ಶೇ 50 ಅಂತ ಇಟ್ಟುಕೊಳ್ಳಿ. ಒಣಗಿ ತೇವ ಶೇ 10ಕ್ಕೆ ಬಂದಾಗ ತೂಕ ಎಷ್ಟು?

ಅವಸರದ ಉತ್ತರ: 50ರಿಂದ 10ಕ್ಕೆ, ಶೇ 40 ಹೋಯಿತು, 180ರಲ್ಲಿ ಶೇ 40 ಅಂದರೆ 72, ಉಳಿದದ್ದು 108 ಕೆಜಿ. ಇದು ತಪ್ಪು. ಸರಿಯಾದದ್ದು ಹೀಗೆ. ಬಿಸಿಲಿಗೆ ಹೋಗುವುದು ನೀರು ಮಾತ್ರ. ಒಣ ಪದಾರ್ಥ 90 ಕೆಜಿ ಹಾಗೇ ಉಳಿಯುತ್ತದೆ. ಕೊನೆಯಲ್ಲಿ ತೇವ ಶೇ 10 ಅಂದರೆ ಒಣ ಪದಾರ್ಥ ಶೇ 90. ಯಾವುದರ ಶೇ 90 ಅಂದರೆ 90? 100 ಕೆಜಿ. ಹೋದ ನೀರು 80 ಕೆಜಿ. ಅವಸರದ ಉತ್ತರಕ್ಕೂ ಇದಕ್ಕೂ 8 ಕೆಜಿ ವ್ಯತ್ಯಾಸ. ಚೀಲದ ಲೆಕ್ಕದಲ್ಲಿ ಕೂತವರಿಗೆ ಅದು ಸಣ್ಣದಲ್ಲ.

ಮೆಣಸು, ಅಡಿಕೆ, ಏಲಕ್ಕಿ, ಹಪ್ಪಳ, ಒಣದ್ರಾಕ್ಷಿ. ಒಣಗಿಸುವ ಲೆಕ್ಕ ಎಲ್ಲಿ ಬಂದರೂ ತೇವ ಬಿಟ್ಟು ಒಣ ಪದಾರ್ಥ ಹಿಡಿಯಿರಿ. ಲೆಕ್ಕ ನಿಮಗೆ ತೇವದ ಶೇಕಡಾ ಕೊಡುತ್ತದೆ. ನೀವು ಅದನ್ನು ನೂರರಿಂದ ಕಳೆದು ಒಣದ್ದರ ಶೇಕಡಾ ಮಾಡಿಕೊಳ್ಳಬೇಕು.

ಎರಡು ಗೊತ್ತಿಲ್ಲದಾಗ

ಹತ್ತನೇ ಕ್ಲಾಸಿನಲ್ಲಿ ಎರಡು ಚರಾಕ್ಷರದ ರೇಖಾತ್ಮಕ ಸಮೀಕರಣಗಳ ಜೋಡಿ ಬರುತ್ತದೆ ಅಲ್ವಾ? ಮಿಶ್ರಣದ ಲೆಕ್ಕಕ್ಕೆ ಅದು ಹೇಳಿ ಮಾಡಿಸಿದ್ದು. ಮನೆಯಲ್ಲಿ 80-20 ಪುಡಿ ಇದೆ, 55-45 ಪುಡಿಯೂ ಇದೆ. ಎರಡನ್ನೂ ಬೆರೆಸಿ 1 ಕೆಜಿ 70-30 ಮಾಡಬೇಕು. ಮೊದಲನೆಯದು ಕ ಗ್ರಾಂ, ಎರಡನೆಯದು ಚ ಗ್ರಾಂ.

ಎರಡು ಸಮೀಕರಣ ಎಲ್ಲಿಂದ ಬರುತ್ತದೆ ಅಂತ ಮಕ್ಕಳು ಕೇಳುತ್ತಾರೆ. ಡಬ್ಬಿಯಲ್ಲಿ ಎರಡು ಸಾಲು ಬರೆದಿರಲ್ಲ, ಅವೇ. ಒಟ್ಟಿನ ಸಾಲಿನಿಂದ ಒಂದು, ಹಿಡಿದ ವಸ್ತುವಿನ ಸಾಲಿನಿಂದ ಒಂದು.

ಕ + ಚ = 1000
0.80ಕ + 0.55ಚ = 700

ಮೊದಲನೆಯದನ್ನು 0.55ರಿಂದ ಗುಣಿಸಿದರೆ 0.55ಕ + 0.55ಚ = 550. ಇದನ್ನು ಎರಡನೆಯದರಿಂದ ಕಳೆದರೆ 0.25ಕ = 150. ಕ = 600, ಚ = 400. ತಾಳೆ: 600ರ ಶೇ 80 ಅಂದರೆ 480. 400ರ ಶೇ 55 ಅಂದರೆ 220. ಕೂಡಿದರೆ 700. ಸರಿ.

55-45 ಪುಡಿ ಬಹಳ ಚಿಕೋರಿ ಆಯಿತು ಅನ್ನಿಸಬಹುದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಕಾಫಿ ಶೇ 51ಕ್ಕಿಂತ ಕಮ್ಮಿ ಇರಬಾರದು ಅಂತ ಆಹಾರ ಸುರಕ್ಷತೆಯ ನಿಯಮ ಇದೆ. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆದಿರಬೇಕು. ಕೊಳ್ಳುವಾಗಲೇ ಅದನ್ನು ಓದಿ. ನಾನು ಓದದೆ ಮನೆಗೆ ತಂದೆ.

ದರದ ಲೆಕ್ಕವೂ ಇದೇ ಜಾತಿ. ಕೆಜಿಗೆ 800 ರೂಪಾಯಿಯ ಅರೇಬಿಕಾ ಪುಡಿ, 500 ರೂಪಾಯಿಯ ರೊಬಸ್ಟಾ ಪುಡಿ. ಬೆರೆಸಿ, ಕೆಜಿಗೆ 620 ರೂಪಾಯಿ ಬೀಳುವ 10 ಕೆಜಿ ಪುಡಿ ಮಾಡಬೇಕು. (ಈ ದರಗಳು ಲೆಕ್ಕಕ್ಕೆ ಇಟ್ಟವು, ಪೇಟೆಯ ದರ ದಿನಾ ಬದಲಾಗುತ್ತದೆ.) ಇಲ್ಲಿ ಹಿಡಿಯಬೇಕಾದ 'ವಸ್ತು' ದುಡ್ಡು. ಅರೇಬಿಕಾ ಕ ಕೆಜಿ ಆದರೆ ರೊಬಸ್ಟಾ 10 − ಕ ಕೆಜಿ.

800ಕ + 500 × (10 − ಕ) = 6200
300ಕ = 1200
ಕ = 4

ಅರೇಬಿಕಾ 4 ಕೆಜಿ, ರೊಬಸ್ಟಾ 6 ಕೆಜಿ. 3200 ಮತ್ತು 3000, ಒಟ್ಟು 6200. ಬಲಗಡೆ 620 ಅಂತ ಬರೆದು ನಿಲ್ಲಿಸುವವರು ಬಹಳ ಜನ. ಎಡಗಡೆ ಒಟ್ಟು ರೂಪಾಯಿ ಇದ್ದರೆ ಬಲಗಡೆಯೂ ಒಟ್ಟು ರೂಪಾಯಿಯೇ ಇರಬೇಕು. ಕೆಜಿಗೆ ಇಷ್ಟು ಅನ್ನೋ ದರ ಬೇರೆ, ಕೈಗೆ ಬರುವ ದುಡ್ಡು ಬೇರೆ.

ತಕ್ಕಡಿಯ ದಾರಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಷ್ಟು ಬರೆಯೋಕೆ ಟೈಮ್ ಇರಲ್ಲ. ಅವರಿಗೆ ಇದು. ಒಂದು ಗೆರೆ ಎಳೆಯಿರಿ. ಒಂದು ತುದಿಗೆ 500, ಇನ್ನೊಂದು ತುದಿಗೆ 800. ನಡುವೆ 620 ಗುರುತು ಮಾಡಿ. 500ರಿಂದ 620ಕ್ಕೆ ದೂರ 120. 800ರಿಂದ 620ಕ್ಕೆ ದೂರ 180. ಈಗ ದೂರಗಳನ್ನು ಅದಲು ಬದಲು ಮಾಡಿ. 800ರ ಪುಡಿಗೆ 120, 500ರ ಪುಡಿಗೆ 180. ಅಂದರೆ 2:3. ಹತ್ತು ಕೆಜಿಯಲ್ಲಿ 4 ಮತ್ತು 6.

ಯಾಕೆ ಅದಲು ಬದಲು? ಕೈತಕ್ಕಡಿಯ ಕೋಲನ್ನು 620ರ ಹತ್ತಿರ ಹಿಡಿದು ಎತ್ತಿದ್ದೀರಿ ಅಂದುಕೊಳ್ಳಿ. ಕೋಲು ಸಮ ನಿಲ್ಲಬೇಕಾದರೆ ಹತ್ತಿರದ ತುದಿಯಲ್ಲಿ ಭಾರ ಜಾಸ್ತಿ ಬೇಕು, ದೂರದ ತುದಿಯಲ್ಲಿ ಕಮ್ಮಿ ಸಾಕು. 620 ಇರುವುದು 500ಕ್ಕೆ ಹತ್ತಿರ. ಹಾಗಾಗಿ 500ರ ಪುಡಿಯೇ ಜಾಸ್ತಿ. ಯಾರಿಗೆ ಹತ್ತಿರವೋ ಅವರದ್ದು ಜಾಸ್ತಿ, ಇಷ್ಟು ನೆನಪಿದ್ದರೆ ಅದಲು ಬದಲಿನಲ್ಲಿ ಗೊಂದಲ ಆಗಲ್ಲ. ಬೇರೆ ದಾರಿಯಲ್ಲಿ ಬಂದ ಉತ್ತರವನ್ನು ಪರೀಕ್ಷಿಸೋಕೂ ಇದೇ ಮಾತು ಸಾಕು. ಇನ್ನೊಂದು: ಬೇಕಾದ ದರ ಎರಡು ತುದಿಗಳ ನಡುವೆಯೇ ಇರಬೇಕು. 500 ಮತ್ತು 800ರ ಪುಡಿ ಬೆರೆಸಿ 850ರ ಪುಡಿ ಮಾಡೋಕೆ ಯಾರಿಂದಲೂ ಆಗಲ್ಲ. ಉತ್ತರದಲ್ಲಿ ಋಣ ಸಂಖ್ಯೆ ಬಂದರೆ ಮೊದಲು ಇಲ್ಲಿ ನೋಡಿ.

ಪೊಟ್ಟಣದ ಹಾಲಿನಲ್ಲೂ ನೋಡಬಹುದು. ಫುಲ್ ಕ್ರೀಂ ಹಾಲಿನಲ್ಲಿ ಕನಿಷ್ಠ ಶೇ 6 ಕೊಬ್ಬು, ಟೋನ್ಡ್ ಹಾಲಿನಲ್ಲಿ ಶೇ 3, ಡಬಲ್ ಟೋನ್ಡ್‌ನಲ್ಲಿ ಶೇ 1.5. ಫುಲ್ ಕ್ರೀಂ ಮತ್ತು ಡಬಲ್ ಟೋನ್ಡ್ ಬೆರೆಸಿ ಶೇ 3ರ 30 ಕೆಜಿ ಹಾಲು ಬೇಕಾದರೆ? 1.5ರಿಂದ ದೂರ 1.5, 6ರಿಂದ ದೂರ 3. ಅದಲು ಬದಲು ಮಾಡಿದರೆ 1:2. ಫುಲ್ ಕ್ರೀಂ 10 ಕೆಜಿ, ಡಬಲ್ ಟೋನ್ಡ್ 20 ಕೆಜಿ. ಕೊಬ್ಬು 600 ಗ್ರಾಂ ಮತ್ತು 300 ಗ್ರಾಂ, ಒಟ್ಟು 900. ಅದು 30 ಕೆಜಿಯ ಶೇ 3.

ತೆಗೆದು ತುಂಬುವ ಲೆಕ್ಕ

40 ಲೀಟರ್ ಹಾಲಿನ ಕ್ಯಾನ್. 4 ಲೀಟರ್ ತೆಗೆದು ಅಷ್ಟೇ ನೀರು ತುಂಬಿದರು. ಮತ್ತೆ 4 ಲೀಟರ್ ತೆಗೆದು ಮತ್ತೆ ನೀರು. ಈಗ ಹಾಲು ಎಷ್ಟು? 32 ಲೀಟರ್ ಅನ್ನುವವರು ಎರಡನೇ ಸಲ ಹೊರಗೆ ಹೋದದ್ದೂ ಬರೀ ಹಾಲು ಅಂದುಕೊಂಡಿರುತ್ತಾರೆ. ಎರಡನೇ ಸಲ ತೆಗೆದ 4 ಲೀಟರ್‌ನಲ್ಲಿ ನೀರೂ ಇತ್ತು. ಪ್ರತಿ ಸಲ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ, ಒಂಬತ್ತು ಪಾಲು ಉಳಿಯುತ್ತದೆ. 40 × 0.9 = 36. 36 × 0.9 = 32.4 ಲೀಟರ್. ಮೂರನೇ ಸಲವೂ ಮಾಡಿದರೆ 29.16. ಇಷ್ಟೇ, ಇದಕ್ಕೆ ಬೇರೆ ಸೂತ್ರ ಬಾಯಿಪಾಠ ಬೇಡ.

ಶೇ 1 ಅಂದರೆ ಯಾವುದರ ಶೇ 1?

ಒಂದು ಎಚ್ಚರಿಕೆ ಹೇಳಲೇಬೇಕು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ, ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇ 1ರ ದ್ರಾವಣ ಅಂದರೆ ನಮ್ಮಲ್ಲಿ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಇಲ್ಲಿ ಶೇ 1 ಅನ್ನೋದು ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಅನ್ನೋ ರೂಢಿ. ಒಟ್ಟು ತೂಕದಲ್ಲಿ ನೂರನೇ ಪಾಲು ಅಂತ ಹಿಡಿದರೆ ಉತ್ತರ ಕೊಂಚ ಬೇರೆಯಾಗುತ್ತದೆ. ಯಾರೋ 150 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ ಹಾಕಿಬಿಟ್ಟಿದ್ದರೆ ಇನ್ನೂ ಎಷ್ಟು ಬೇಕು? ಈ ರೂಢಿಯಲ್ಲಿ 150 ಲೀಟರ್‌ಗೆ 1.5 ಕೆಜಿ. ಅಂದರೆ ಇನ್ನೂ ಅರ್ಧ ಕೆಜಿ ಮೈಲುತುತ್ತ, ಸುಣ್ಣವೂ ಅದಕ್ಕೆ ಸಮ.

ತೋಟದವರು ದ್ರಾವಣ ಸರಿ ಬಂತಾ ಅಂತ ನೋಡುವ ರೀತಿ ಮಕ್ಕಳಿಗೆ ತೋರಿಸಬೇಕಾದ್ದು. ಹೊಳಪಿನ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಅಂತ ಅರ್ಥ. ಆಗ ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಾರೆ. ನಾವು ಪುಟದ ಮೇಲೆ ತಾಳೆ ನೋಡಿದ ಹಾಗೆ ಅವರು ಚಾಕುವಿನಲ್ಲಿ ನೋಡುತ್ತಾರೆ.

ಲೀಟರ್ ಲೆಕ್ಕದಲ್ಲಿ ಇನ್ನೊಂದು ಮಾತು. ಪುಸ್ತಕದ ಲೆಕ್ಕಗಳು 50 ಮಿಲಿಗೆ 50 ಮಿಲಿ ಸೇರಿದರೆ 100 ಮಿಲಿ ಅಂತಲೇ ಹಿಡಿಯುತ್ತವೆ. ಪರೀಕ್ಷೆಯಲ್ಲಿ ನೀವೂ ಹಾಗೇ ಹಿಡಿಯಿರಿ. ಸ್ಪಿರಿಟ್ ಮತ್ತು ನೀರನ್ನು ನಿಜವಾಗಿ ಬೆರೆಸಿ ಅಳೆದರೆ ನೂರಕ್ಕಿಂತ ಸ್ವಲ್ಪ ಕಮ್ಮಿ ಬರುತ್ತದೆ. ತೂಕಕ್ಕೆ ಈ ತೊಂದರೆ ಇಲ್ಲ. ಅದಕ್ಕೇ ನಾನು ಆದಷ್ಟೂ ಕೆಜಿ, ಗ್ರಾಂನಲ್ಲೇ ಲೆಕ್ಕ ಕೊಡುತ್ತೇನೆ.

ಕೈಯಾರೆ ಮಾಡಿ ನೋಡಿ

ಮೊದಲನೆಯದು: 33 ಗ್ರಾಂ 24 ಕ್ಯಾರಟ್ ಚಿನ್ನಕ್ಕೆ ಎಷ್ಟು ತಾಮ್ರ ಸೇರಿಸಿದರೆ 22 ಕ್ಯಾರಟ್ ಆಗುತ್ತದೆ? ಕದಲದ್ದು ಯಾವುದು ಅಂತ ಮೊದಲು ನೋಡಿ. ಚಿನ್ನ 33 ಗ್ರಾಂ ಹಾಗೇ ಇದೆ. ಅದು ಹೊಸ ಒಟ್ಟಿನ 22/24 ಪಾಲು. ಹೊಸ ಒಟ್ಟು 36 ಗ್ರಾಂ, ತಾಮ್ರ 3 ಗ್ರಾಂ.

ಎರಡನೆಯದು: 1020 ಗ್ರಾಂ ಬರೀ ಕಾಫಿ ಪುಡಿ ಇದೆ. ಶೇ 51ರ ನಿಯಮ ಮುರಿಯದೆ ಇದಕ್ಕೆ ಹೆಚ್ಚೆಂದರೆ ಎಷ್ಟು ಚಿಕೋರಿ ಸೇರಿಸಬಹುದು? 1020 ÷ 0.51 = 2000. ಹಾಗಾಗಿ 980 ಗ್ರಾಂ.

ಮೂರನೆಯದನ್ನು ಆಲ್ದೂರಿನ ಹುಡುಗಿಯೇ ಮಾಡಿಕೊಂಡು ಬಂದಿದ್ದಳು. ಅವರ ಮನೆಯಲ್ಲಿ 1 ಕೆಜಿ 80-20 ಪುಡಿ ಇತ್ತಂತೆ. ಅಜ್ಜಿಗೆ ಡಿಕಾಕ್ಷನ್ ಗಟ್ಟಿ ಇರಬೇಕು, 70-30 ಬೇಕು ಅಂದರಂತೆ. ಚಿಕೋರಿ ಎಷ್ಟು ಸೇರಿಸಬೇಕು? ಅವಳು ಕದಲದ ಕಾಫಿಯನ್ನೇ ಹಿಡಿದಿದ್ದಳು. ಕಾಫಿ 800 ಗ್ರಾಂ, ಅದು ಹೊಸ ಒಟ್ಟಿನ ಶೇ 70. 800 ÷ 0.7 ಮಾಡಿದಾಗ 1142.857 ಅಂತ ಬಂತು. ಸುತ್ತು ಸಂಖ್ಯೆ ಬರಲಿಲ್ಲ ಅಂತ ಉತ್ತರದ ಮೇಲೆ ಗೀಟು ಎಳೆದು, ಮತ್ತೆ ಮಾಡಿ, ಮತ್ತೆ ಗೀಟು ಎಳೆದಿದ್ದಳು.

"ತಾಳೆ ನೋಡಿದ್ಯಾ?" ಅಂತ ಕೇಳಿದೆ.

"ಇಲ್ಲ ಮಿಸ್. ಇಂಥ ಉತ್ತರ ಸರಿ ಇರಲ್ಲ ಅಂತ..."

ಅಲ್ಲೇ ಕೂರಿಸಿ ಮಾಡಿಸಿದೆ. ಸೇರಿಸಬೇಕಾದ ಚಿಕೋರಿ 142.857 ಗ್ರಾಂ. ಮೊದಲೇ ಇದ್ದ 200 ಸೇರಿ 342.857. ಒಟ್ಟು 1142.857. ಭಾಗಿಸಿದರೆ ಸರಿಯಾಗಿ 0.3. ಅವಳ ಅಜ್ಜಿಯ ಮನೆಯ ಡಬ್ಬಿಯನ್ನು ಯಾರೂ ಪರೀಕ್ಷೆಗೆ ಅಂತ ತುಂಬಿಸಿರಲಿಲ್ಲ, ಹಾಗಾಗಿ ಉತ್ತರ ಇಷ್ಟು ಉದ್ದ ಬಂತು. ಗೀಟು ಎಳೆದದ್ದರ ಪಕ್ಕದಲ್ಲೇ ಅವಳು ಮತ್ತೆ ಬರೆದುಕೊಂಡಳು: ಚಿಕೋರಿ 143 ಗ್ರಾಂ.